ಬಿದರಿಯ ಕಪ್ಪು, ನಕಲಿನ ಹೊಳಪು

ಬೀದರ್ ನಗರದ ಹಳೆಯ ಪೇಟೆಯ ನಟ್ಟನಡುವೆ 71 ಅಡಿಗಳ ಎತ್ತರಕ್ಕೆ ದುಂಡಗೆ ಎದ್ದು ನಿಂತಿರುವ ಚೌಬಾರಾ ಎಂಬ ಗೋಪುರವು, ಮೊದಲು ಸುತ್ತಲ ಪ್ರಸ್ಥಭೂಮಿಯ ಮೇಲೆ ಕಣ್ಣಿಟ್ಟು ಶತ್ರುಸೈನ್ಯದ ಸುಳಿವನ್ನು ಕೋಟೆಗೆ ಮುಟ್ಟಿಸುವ ಕಾವಲುಗೋಪುರವಾಗಿದ್ದು, ಕಾಲಾಂತರದಲ್ಲಿ ತನ್ನ ಮೇಲ್ಭಾಗದಲ್ಲಿ ಗಡಿಯಾರವನ್ನು ಧರಿಸಿ, ಊರಿಗೆಲ್ಲ ಹೊತ್ತು ತಿಳಿಸುವ ಕೆಲಸವನ್ನು ವಹಿಸಿಕೊಂಡಿತು. ಹೊತ್ತೆಂಬುದು ಆಗ ಊರೊಟ್ಟಿನ ಸ್ವತ್ತು. ಅದನ್ನು ಸ್ವಂತ ಮಣಿಕಟ್ಟಿನ ಮೇಲೆ ಕಟ್ಟಿಕೊಂಡು ತಿರುಗುವ ಭಾಗ್ಯವು ನಿಜಾಮ ಸರಕಾರದ ಅಧಿಕಾರಿಗಳಿಗೂ ಕೆಲವರು ಜಹಗೀರುದಾರರಿಗೂ ಬಹುಮಟ್ಟಿಗೆ ಮೀಸಲಾಗಿತ್ತು. 1930ರ ಸುಮಾರಿಗೆ ವಿಕಾರಾಬಾದಿನ ಕಡೆಯಿಂದ ರೈಲು ಬೀದರಿಗೆ ಬಂದು, ಅನಂತರ ಅದೇ ಹಳಿಯು ಭಾಲ್ಕಿ, ಕಮಲನಗರಗಳ ಮೇಲೆ ಪರಳಿಯವರೆಗೂ ಮುಂದುವರಿದ ಮೇಲೆ, ಸೂರ್ಯನನ್ನೂ ನೆರಳನ್ನೂ ನೋಡಿ ದಿನ ಕಳೆಯುತ್ತಿದ್ದ ಒಕ್ಕಲುಮಕ್ಕಳಿಗೆ ಗಂಟೆ ನಿಮಿಷಗಳ ಲೆಕ್ಕ ಬೇಕಾಯಿತು. ಬೇಕಾದದ್ದು ಬಹು ಬೇಗ ಪ್ರತಿಷ್ಠೆಯ ಗುರುತೂ ಆಯಿತು.

ಆ ಪ್ರತಿಷ್ಠೆಯನ್ನು ಸಾಮಾನ್ಯನ ಕೈಗೆಟುಕುವಂತೆ ಮಾಡಿದ ಕೀರ್ತಿಯು ಬೆಂಗಳೂರಿನ ಎಚ್‌ಎಂಟಿ ಕಾರ್ಖಾನೆಗೆ ಸಲ್ಲತಕ್ಕದ್ದು. ವಿದೇಶದ ಗಡಿಯಾರಗಳು ಕಳ್ಳಮಾರ್ಗದಿಂದ ಬಂದು ದುಬಾರಿ ಬೆಲೆಗೆ ಮಾರಾಟವಾಗುತ್ತಿದ್ದ ಆ ದಿನಗಳಲ್ಲಿ, 1961ರಲ್ಲಿ, ಜಪಾನಿನ ಸಿಟಿಜನ್ ಕಂಪನಿಯಿಂದ ವಿದ್ಯೆಯನ್ನು ಕಲಿತು, ಕಲಿತದ್ದನ್ನು ಸ್ವಂತದ್ದಾಗಿಸಿಕೊಂಡು, ತನ್ನದೇ ಹೆಸರನ್ನು ಗಡಿಯಾರದ ಮುಖದ ಮೇಲೆ ಮುದ್ರಿಸಿ ಹೊರತಂದ ಸಂಸ್ಥೆಯದು. ಜನತಾ, ಪೈಲಟ್, ಕಾಂಚನ್ ಎಂಬ ಅದರ ಗಡಿಯಾರಗಳ ಹೆಸರುಗಳನ್ನು ನಮ್ಮ ಹಿರಿಯರು ಇಂದಿಗೂ ಮನೆಯ ಮಕ್ಕಳ ಹೆಸರುಗಳಂತೆ ನೆನೆಯುತ್ತಾರೆ. ಬೀಗರು ಅಳಿಯನಿಗೆ ಉಂಗುರದ ಜೊತೆಗೆ ವಾಚನ್ನು ಕೊಡುವ ಪದ್ಧತಿ ಹಳ್ಳಿಹಳ್ಳಿಗೂ ಹಬ್ಬಿದ್ದು ಆ ಕಾಲದಲ್ಲಿಯೇ. 2016ರಲ್ಲಿ ಕೇಂದ್ರ ಸರಕಾರವು ಎಚ್‌ಎಂಟಿಯ ಗಡಿಯಾರ ವಿಭಾಗವನ್ನು ಮುಚ್ಚಲು ಒಪ್ಪಿಗೆ ಕೊಟ್ಟಾಗ ಒಂದು ಕಾರ್ಖಾನೆ ಮಾತ್ರವಲ್ಲ, ಒಂದು ಮರ್ಯಾದೆಯೂ ಮುಗಿಯಿತೆಂದು ನನಗನ್ನಿಸಿತು.

ಈಗಿನ ಮದುವೆಯ ಉಡುಗೊರೆಯ ದಾರಿ ಬೇರೆ. ಮೊಬೈಲಿನ ಪರದೆಯ ಮೇಲೆ ಬೆರಳಾಡಿಸಿದರೆ ಸಾಕು, ಲಕ್ಷಾಂತರ ರೂಪಾಯಿ ಬೆಲೆಯ ಸ್ವಿಸ್ ಗಡಿಯಾರಗಳ ಹೆಸರನ್ನೂ ಕಿರೀಟದ ಚಿಹ್ನೆಯನ್ನೂ ಹೊತ್ತ ಗಡಿಯಾರಗಳು ಕೆಲವೇ ಸಾವಿರ ರೂಪಾಯಿಗಳಿಗೆ ಸಾಲುಗಟ್ಟಿ ನಿಲ್ಲುತ್ತವೆ. ಮಾರುವವನೂ ಕೊಳ್ಳುವವನೂ ಅವನ್ನು ನಕಲಿಯೆಂದು ಕರೆಯುವುದಿಲ್ಲ. ‘ಫಸ್ಟ್ ಕಾಪಿ’ ಎನ್ನುತ್ತಾರೆ, ‘ಥೇಟ್ ಓರಿಜಿನಲ್’ ಎನ್ನುತ್ತಾರೆ. ಪಾರ್ಸೆಲು ಬಿಚ್ಚಿ ನೋಡಿದವನಿಗೆ ಭೇದವನ್ನು ತಿಳಿಯಲು ಬಹಳ ಪಾಂಡಿತ್ಯವೇನೂ ಬೇಡ. ಉತ್ತಮವಾದ ಯಾಂತ್ರಿಕ ಗಡಿಯಾರವೊಂದು ಗಂಟೆಗೆ 28,800 ಸಲ, ಎಂದರೆ ಸೆಕೆಂಡಿಗೆ ಎಂಟು ಸಲ ಮಿಡಿಯುವುದರಿಂದ ಅದರ ಸೆಕೆಂಡಿನ ಮುಳ್ಳು ಎಣ್ಣೆಯ ಧಾರೆಯಂತೆ ಜಾರುತ್ತ ಸಾಗುತ್ತದೆ. ಅಗ್ಗದ ಕ್ವಾರ್ಟ್ಜ್ ಯಂತ್ರವನ್ನು ಒಳಗಿಟ್ಟ ನಕಲಿನ ಮುಳ್ಳಾದರೋ ಸೆಕೆಂಡಿಗೊಮ್ಮೆ ಕುಪ್ಪಳಿಸಿ ನಿಲ್ಲುತ್ತದೆ. ಔರಾದಿನ ಅಮರೇಶ್ವರ ಜಾತ್ರೆಯಲ್ಲಿ ದೇವಣಿ ಹೋರಿಯನ್ನು ಕೊಳ್ಳತಕ್ಕ ರೈತನು ಮೈಬಣ್ಣದಿಂದ ಅದು ವನ್ನೇರಾ ತಳಿಯೋ, ಬಾಲಂಕ್ಯಾ ತಳಿಯೋ, ಶೇವರಾ ತಳಿಯೋ ಎಂದು ನಿಶ್ಚಯಿಸಿ, ಬಾಯಿ ಬಿಡಿಸಿ ಹಲ್ಲನ್ನೆಣಿಸಿ, ನಾಲ್ಕು ಹೆಜ್ಜೆ ನಡೆಸಿ ನೋಡಿದ ಹೊರತು ಸೊಂಟದ ಗಂಟನ್ನು ಬಿಚ್ಚುವುದಿಲ್ಲ. ಅದೇ ರೈತನ ಮಗನು ಚಿತ್ರವೊಂದನ್ನು ನೋಡಿ ಗಡಿಯಾರಕ್ಕೆ ಹಣ ಕಳಿಸುತ್ತಾನೆ. ಆದರೆ ಅವನು ಮೋಸಹೋದನೆಂದು ಹೇಳುವಂತಿಲ್ಲ. ನಕಲೆಂದು ಬಲ್ಲವನಾಗಿಯೇ, ನೋಡುವವರಿಗೆ ಅಸಲಾಗಿ ಕಾಣಲೆಂಬ ಅಪೇಕ್ಷೆಯಿಂದಲೇ ಅವನು ಅದನ್ನು ತರಿಸಿದ್ದಾನೆ. ವಿಚಾರ ಮಾಡತಕ್ಕ ಅಂಶ ಇದು.

ಈ ವಿಷಯದಲ್ಲಿ ಮಾತನಾಡಲು ಬೀದರ್ ಜಿಲ್ಲೆಯವರಾದ ನಮಗೆ ಉಳಿದವರಿಗಿಲ್ಲದ ಒಂದು ಅಧಿಕಾರವುಂಟು. ನಮ್ಮ ಊರಿನ ಹೆಸರನ್ನೇ ಹೊತ್ತ, ನಮ್ಮ ಕೋಟೆಯ ಮಣ್ಣಿನಿಂದಲೇ ಬಣ್ಣ ಪಡೆದ ಬಿದರಿ ಕಲೆಯು ಇಂದು ಅಂತಹುದೇ ನಕಲುಗಳ ನಡುವೆ ಜೀವ ಹಿಡಿದುಕೊಂಡಿದೆ.

ಬಿದರಿಯ ಹುಟ್ಟನ್ನು ಕುರಿತ ಐತಿಹ್ಯವು ಬಹಮನಿ ಸುಲ್ತಾನ ಅಹಮದ್ ಶಾ ವಲಿಯ ಕಾಲಕ್ಕೆ ಹೋಗುತ್ತದೆ. 1422ರಲ್ಲಿ ಪಟ್ಟವೇರಿದ ಆತನು ಕಲಬುರಗಿಯಿಂದ ರಾಜಧಾನಿಯನ್ನು ಬೀದರಿಗೆ ಸಾಗಿಸಿ, ಕೋಟೆಯನ್ನು ಬಲಪಡಿಸಿ, ಅರಮನೆಗಳ ಅಲಂಕಾರಕ್ಕಾಗಿ ಪರ್ಷಿಯಾದ ಕುಶಲಿಗರನ್ನು ಕರೆಸಿಕೊಂಡನೆಂದೂ, ಅವರಲ್ಲಿ ಅಬ್ದುಲ್ಲಾ ಬಿನ್ ಕೈಸರ್ ಎಂಬಾತನು ಸ್ಥಳೀಯರಿಗೆ ಈ ಕಲೆಯನ್ನು ಕಲಿಸಿದನೆಂದೂ ಕುಶಲಕರ್ಮಿಗಳ ಮನೆತನಗಳಲ್ಲಿ ಹೇಳಿಕೆಯಿದೆ. ಆ ಶತಮಾನದ ಬಿದರಿ ಪಾತ್ರೆಗಳು ಉಳಿದುಬಂದಿಲ್ಲವಾದುದರಿಂದ ಇದನ್ನು ಐತಿಹ್ಯವೆಂದೇ ಎಣಿಸುವುದು ವಿಹಿತ. ಆದರೆ ಪರ್ಷಿಯಾದ ಕೈವಾಡವು ಬೀದರಿನಲ್ಲಿ ನೆಲೆಯೂರಿದ್ದಕ್ಕೆ ಕಲ್ಲಿನ ಸಾಕ್ಷ್ಯವೇ ಇದೆ: 1472ರಲ್ಲಿ ಪೂರ್ಣಗೊಂಡ ಮಹಮೂದ್ ಗವಾನನ ಮದರಸೆಯ ಬಣ್ಣದ ಹೆಂಚುಗಳೂ, ಬರೀದಶಾಹಿಗಳ ಕಾಲದಲ್ಲಿ ರಂಗೀನ್ ಮಹಲಿನ ಕರಿಗಲ್ಲಿನಲ್ಲಿ ಮುತ್ತಿನ ಚಿಪ್ಪನ್ನು ಕೆತ್ತಿ ಕೂರಿಸಿದ ಬಳ್ಳಿಗಳೂ ಅದನ್ನು ಸಾರುತ್ತವೆ. ಕರಿಯ ನೆಲದ ಮೇಲೆ ಬಿಳಿಯ ಹೊಳಪನ್ನು ಹುದುಗಿಸುವ ರುಚಿ ಬೀದರಿನ ಕಣ್ಣಿಗೆ ಆಗಲೇ ಹತ್ತಿತ್ತೆಂಬುದು ಆ ಮಹಲಿನೊಳಗೆ ನಿಂತವರಿಗೆ ಮನದಟ್ಟಾಗದೆ ಇರದು.

ಇಲ್ಲಿ ಒಂದು ಮಾತನ್ನು ಮರೆಮಾಚದೆ ಹೇಳಬೇಕು. ಉಕ್ಕಿನಲ್ಲಿ ಬಂಗಾರ ಬೆಳ್ಳಿಗಳ ತಂತಿಯನ್ನು ಹುದುಗಿಸುವ ಕೆಲಸವು ಪರ್ಷಿಯಾದ ಆಯುಧಶಾಲೆಗಳಲ್ಲಿ ಬಹಳ ಹಿಂದಿನಿಂದ ನಡೆಯುತ್ತಿದ್ದು, ನಮ್ಮ ಬಿದರಿಯು ಆ ಕುಲದ ಬಂಧುವಾಗಿ ತೋರುತ್ತದೆ. ಹಾಗೆಂದು ಬಿದರಿಯನ್ನು ನಕಲೆನ್ನಬಹುದೆ? ಸರ್ವಥಾ ಇಲ್ಲ. ಬೀದರಿನ ಕುಶಲಿಗರು ಉಕ್ಕಿನ ಸ್ಥಾನದಲ್ಲಿ ಸತುವಿನ ಮಿಶ್ರಲೋಹವನ್ನು ತಂದರು, ಆ ಲೋಹಕ್ಕೆ ಹಿಂದೆಂದೂ ಇಲ್ಲದ ಕಪ್ಪನ್ನು ತಂದರು, ತಮ್ಮ ಊರಿನ ಹೆಸರಿಟ್ಟರು. ಹದಿನೇಳನೆಯ ಶತಮಾನದ ಆದಿಭಾಗದಲ್ಲಿ ಹೊಗೆಸೊಪ್ಪು ದಖ್ಖನ್ನಿಗೆ ಬಂದು, ಬಿಜಾಪುರಕ್ಕೆ ಹೋಗಿದ್ದ ಮೊಗಲ್ ದೂತ ಅಸದ್ ಬೇಗನ ಮೂಲಕ ಅಕ್ಬರನ ಆಸ್ಥಾನವನ್ನೂ ಮುಟ್ಟಿದ ಮೇಲೆ, ಹುಕ್ಕಾದ ತಳಪಾತ್ರೆಯು ಶ್ರೀಮಂತರ ಬೈಠಕಿನ ಅವಶ್ಯಕ ಭೂಷಣವಾಯಿತು. ಗಟ್ಟಿಯಾಗಿ ಕುಳಿತುಕೊಳ್ಳುವ ಭಾರವೂ, ದೀಪದ ಬೆಳಕಿನಲ್ಲಿ ಮಿನುಗುವ ಬೆಳ್ಳಿಯೂ ಉಳ್ಳ ಬಿದರಿಗೆ ಅದಕ್ಕಿಂತ ಒಗ್ಗುವ ಉಪಯೋಗ ಇನ್ನೊಂದಿರಲಿಲ್ಲ. ಪ್ರಪಂಚದ ವಸ್ತುಸಂಗ್ರಹಾಲಯಗಳಲ್ಲಿರುವ ಹಳೆಯ ಬಿದರಿಯಲ್ಲಿ ಹುಕ್ಕಾದ ತಳಗಳೇ ಎದ್ದು ಕಾಣುವುದಕ್ಕೆ ಇದೇ ಕಾರಣ. ಅವುಗಳ ಜೊತೆಗೆ ಪಾನದಾನಿ, ಹೂಜಿ, ಪೀಕದಾನಿ, ತಟ್ಟೆ, ನೆಲಹಾಸಿನ ಮೂಲೆಗಳಿಗೆ ಇಡುವ ಮೀರ್‌ಫರ್ಷ್ ಎಂಬ ತೂಕದ ಗುಂಡುಗಳು ಮುಂತಾದವು ನವಾಬರ ಮನೆಗಳನ್ನು ಸೇರಿದವು.

ಈ ಕೆಲಸ ಆಗುವ ಬಗೆಯನ್ನು ಚೌಬಾರಾದ ಆಸುಪಾಸಿನ ಗಲ್ಲಿಗಳಲ್ಲಿ ಕುಳಿತು ನೋಡಿದವರು ಸುಲಭವಾಗಿ ಮರೆಯಲಾರರು. ಸುಮಾರು ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರವನ್ನು ಕೂಡಿಸಿ ಕರಗಿಸಿ, ಔಡಲೆಣ್ಣೆಯನ್ನೂ ರಾಳವನ್ನೂ ಬೆರಸಿ ಹದಗೊಳಿಸಿದ ಮರಳಿನ ಅಚ್ಚಿನಲ್ಲಿ ಹೊಯ್ದು, ಆರಿದ ಪಾತ್ರೆಯನ್ನು ಅರದಿಂದ ತಿಕ್ಕಿ ನುಣುಪು ಮಾಡುತ್ತಾರೆ. ನುಣುಪಾದ ಆ ಬೂದುಬಿಳುಪಿನ ಮೈಯ ಮೇಲೆ ಗೆರೆ ಕಾಣುವುದಿಲ್ಲವಾಗಿ, ಮೈಲುತುತ್ತದ ನೀರನ್ನು ಬಳಿದು ತಾತ್ಕಾಲಿಕವಾಗಿ ಕಪ್ಪು ಮಾಡಿ, ಮೊನಚಾದ ಉಕ್ಕಿನ ಸಲಾಕೆಯಿಂದ, ಯಾವ ಮಾದರಿಯ ಕಾಗದವನ್ನೂ ಅಡಿಗಿಡದೆ, ಕೈಬರಹದಿಂದಲೇ ಹೂಬಳ್ಳಿಗಳನ್ನು ಬರೆಯುತ್ತಾರೆ. ಬರೆದ ಗೆರೆಯನ್ನು ಚಿಕ್ಕ ಉಳಿಗಳಿಂದ ಕೊರೆದು, ಕೊರೆದ ಗೀರಿನಲ್ಲಿ ಅಪ್ಪಟ ಬೆಳ್ಳಿಯ ತಂತಿಯನ್ನು ಇಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಕೂರಿಸುವುದು ತಾರಕಶಿ. ಬೆಳ್ಳಿಯ ತಗಡನ್ನು ಎಲೆಯ ಆಕಾರಕ್ಕೆ ಕತ್ತರಿಸಿ ಆಳವಾಗಿ ಕೂರಿಸುವುದು ತೆಹನಿಶಾನ್. ಇಷ್ಟು ಆಗುವವರೆಗೂ ಪಾತ್ರೆಯಲ್ಲಿ ಸೊಬಗು ಕಾಣದು. ಮತ್ತೊಮ್ಮೆ ಅರದಿಂದ ತಿಕ್ಕಿದಾಗ ಬೆಳ್ಳಿಯೂ ಸತುವೂ ಒಂದೇ ಮಾಸಲು ಬಿಳುಪಾಗಿ, ಬರೆದ ಬಳ್ಳಿಯೇ ಕಳೆದುಹೋದಂತೆ ತೋರುತ್ತದೆ. ಆಗ ಬರುವುದು ಕೋಟೆಯ ಮಣ್ಣಿನ ಸರದಿ. ಬಿಸಿಲು ಮಳೆಗಳು ತಾಗದ ಹಳೆಯ ಕಟ್ಟಡಗಳ ಒಳಭಾಗದಿಂದ ತಂದ ಆ ಮಣ್ಣನ್ನು ಕುಶಲಿಗನು ನಾಲಿಗೆಗಿಟ್ಟು ರುಚಿ ನೋಡಿ ಆರಿಸುತ್ತಾನೆ. ನವಸಾಗರದೊಡನೆ ಅದನ್ನು ನೀರಿನಲ್ಲಿ ಕಲಸಿ, ಹದವಾಗಿ ಕಾಯಿಸಿದ ಪಾತ್ರೆಗೆ ಬಳಿದು ಉಜ್ಜಿದರೆ, ತಾಮ್ರಗರ್ಭಿತವಾದ ಸತುವು ಕ್ಷಣಾರ್ಧದಲ್ಲಿ ಗಾಢವಾಗಿ ಕಪ್ಪಾಗುತ್ತದೆ. ಬೆಳ್ಳಿ ಮಾತ್ರ ಕಪ್ಪನ್ನು ಒಲ್ಲದೆ ಬೆಳ್ಳಗೆ ಉಳಿದು, ಕಳೆದುಹೋದ ಬಳ್ಳಿಯೆಲ್ಲ ಒಮ್ಮೆಲೇ ಅರಳಿ ನಿಲ್ಲುತ್ತದೆ. ಕೊನೆಗೆ ತೊಳೆದು, ಎಣ್ಣೆಯ ಕೈಯಾಡಿಸಿದರೆ ಕೆಲಸ ಮುಗಿಯಿತು. ಆ ಮಣ್ಣಿನ ಗುಣವು ಅದರಲ್ಲಿರುವ ಪೆಟ್ಲುಪ್ಪಿನಂತಹ ಲವಣಗಳಿಂದ ಬಂದದ್ದೆಂದು ರಸಾಯನಶಾಸ್ತ್ರವನ್ನು ಬಲ್ಲವರು ಹೇಳುತ್ತಾರೆ. ಆದರೆ ಎಷ್ಟು ಮಣ್ಣು, ಎಷ್ಟು ಕಾವು, ಎಷ್ಟು ಹೊತ್ತು ಎಂಬ ಲೆಕ್ಕವು ಇಂದಿಗೂ ಆ ಮನೆತನಗಳ ಬೆರಳುಗಳಲ್ಲಿಯೇ ಇದೆ.

ಇಂತಹ ಕಲೆ ಒಂದೇ ಊರಿನಲ್ಲಿ ಬಂದಿಯಾಗಿ ಉಳಿಯಲಿಲ್ಲ. ಹೈದರಾಬಾದ್, ಲಖನೌ, ಮುರ್ಶಿದಾಬಾದ್, ಬಿಹಾರದ ಪೂರ್ಣಿಯಾ ಮೊದಲಾದ ಕಡೆಗಳಲ್ಲಿ ಅದು ಬೇರೂರಿ, ಆಯಾ ಊರಿನ ರುಚಿಗೆ ತಕ್ಕ ಹೊಸ ರೂಪಗಳನ್ನು ತಾಳಿತು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಬೆಂಜಮಿನ್ ಹೈನೆ ಎಂಬ ವೈದ್ಯನು ಬೀದರಿನ ಕೆಲಸವನ್ನೂ, ಫ್ರಾನ್ಸಿಸ್ ಬುಕಾನನ್ ಪೂರ್ಣಿಯಾದ ಕೆಲಸವನ್ನೂ ಕುರಿತು ಬರೆದಿಟ್ಟರು. 1851ರಲ್ಲಿ ಲಂಡನ್ನಿನ ಮಹಾಪ್ರದರ್ಶನದಲ್ಲಿ ಬಿದರಿ ಪಾತ್ರೆಗಳನ್ನು ಇಟ್ಟಾಗ ಯುರೋಪಿನ ಕಲಾರಸಿಕರು ಅವನ್ನು ಮೆಚ್ಚಿಕೊಂಡರು. ಪೂರ್ಣಿಯಾದವರು ಕಲಿತು ಮಾಡಿದ್ದನ್ನು ಬೀದರಿನವರು ಕಳವೆಂದು ಎಣಿಸಬೇಕಾಗಿಲ್ಲ. ಕಲಿತವರು ತಮ್ಮ ಕೈಯ ಬೆವರನ್ನು ಸುರಿಸಿದರು, ಬೆಳ್ಳಿಗೆ ಬೆಳ್ಳಿಯನ್ನೇ ಇಟ್ಟರು. ವಿದ್ಯೆಯ ಸಂಚಾರಕ್ಕೂ ಹೆಸರಿನ ಅಪಹಾರಕ್ಕೂ ಇರುವ ಅಂತರವನ್ನು ಈ ಸಂದರ್ಭದಲ್ಲಿ ಮನಸ್ಸಿನಲ್ಲಿಡಬೇಕು. ಎಚ್‌ಎಂಟಿ ಸಿಟಿಜನ್ನಿನಿಂದ ಕಲಿತದ್ದು ಮೊದಲನೆಯ ಜಾತಿಗೆ ಸೇರಿದ್ದು.

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನವು ಭಾರತದಲ್ಲಿ ಸೇರಿ, ಮರುವರ್ಷ ಜಹಗೀರುಗಳು ರದ್ದಾದ ಮೇಲೆ, ಬಿದರಿಯನ್ನು ಪೋಷಿಸುತ್ತಿದ್ದ ದೇವಡಿಗಳ ಬಾಗಿಲುಗಳು ಮುಚ್ಚಿದವು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಹಳೆಯ ಬೀದರ್ ಜಿಲ್ಲೆಯೂ ಒಡೆದು, ಉದಗೀರದ ಕಡೆಯ ತಾಲೂಕುಗಳು ಒಂದು ರಾಜ್ಯಕ್ಕೂ ಜಹೀರಾಬಾದಿನ ಕಡೆಯವು ಇನ್ನೊಂದಕ್ಕೂ ಹೋಗಿ, ಬೀದರ್, ಭಾಲ್ಕಿ, ಔರಾದ್, ಹುಮನಾಬಾದ್ ಪ್ರದೇಶಗಳು ಕನ್ನಡನಾಡಿಗೆ ಬಂದವು. ಹುಕ್ಕಾ ಹೋಗಿತ್ತು, ಪೀಕದಾನಿ ಹೋಗಿತ್ತು. ಅವುಗಳ ಸ್ಥಾನದಲ್ಲಿ ಹೂದಾನಿ, ಬೂದಿಬಟ್ಟಲು, ಪೆಟ್ಟಿಗೆ, ಗುಂಡಿ, ಆಮೇಲೆ ಪೆನ್ ಡ್ರೈವಿನ ಕವಚದವರೆಗೆ ಏನೇನೋ ಬಂದವು. ಸಭೆ ಸಮಾರಂಭಗಳಲ್ಲಿ ಅತಿಥಿಗೆ ಬಿದರಿಯ ಕಾಣಿಕೆ ಕೊಡುವ ಸಂಪ್ರದಾಯವೊಂದು ನಮ್ಮ ಜಿಲ್ಲೆಯಲ್ಲಿ ಬೆಳೆದದ್ದು ಈ ಕಲೆಗೆ ಒದಗಿದ ದೊಡ್ಡ ಆಸರೆ. 2006ರಲ್ಲಿ ಬಿದರಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. 2023ರಲ್ಲಿ ಬೀದರಿನ ಶಾ ರಶೀದ್ ಅಹಮದ್ ಖಾದ್ರಿಯವರಿಗೆ ಪದ್ಮಶ್ರೀ ಸಂದಾಗ, ಆ ಗೌರವವು ಉಳಿ ಹಿಡಿದ ಎಲ್ಲ ಕೈಗಳಿಗೂ ಸಂದಿತೆಂದು ಊರಿಗೆ ಊರೇ ಹಿಗ್ಗಿತು.

ಮಾನ್ಯತೆ ದೊರೆತುದರ ಬೆನ್ನಲ್ಲೇ ನಕಲೂ ಬಲಿಯಿತು. ಅಲ್ಯೂಮಿನಿಯಮ್ಮಿನ ಎರಕಕ್ಕೆ ಕಪ್ಪು ಬಣ್ಣವನ್ನು ಬಳಿದು, ಬೆಳ್ಳಿಯ ಸ್ಥಾನದಲ್ಲಿ ಅಗ್ಗದ ಬಿಳಿಲೋಹದ ತಂತಿಯನ್ನೋ, ಬರಿಯ ಅಚ್ಚೊತ್ತಿದ ಬಣ್ಣವನ್ನೋ ಇಟ್ಟು, ಬಿದರಿಯೆಂಬ ಹೆಸರಿನಲ್ಲಿ ಮಾರುವವರುಂಟು. ಎದುರಿಗಿದ್ದರೆ ಇದನ್ನು ಕೈಯೇ ಹೇಳಿಬಿಡುತ್ತದೆ: ಸತುವಿನ ತೂಕವು ಅಷ್ಟೇ ಗಾತ್ರದ ಅಲ್ಯೂಮಿನಿಯಮ್ಮಿನ ಎರಡೂವರೆ ಪಟ್ಟಿಗೂ ಮಿಗಿಲು. ಅಸಲಿನ ಕಪ್ಪು ಉಗುರಿಗೆ ಏಳುವುದಿಲ್ಲ, ಏಕೆಂದರೆ ಅದು ಮೇಲೆ ಹಚ್ಚಿದ ಬಣ್ಣವಲ್ಲ, ಲೋಹದ ಮೈಯೇ ಮಾರ್ಪಟ್ಟು ಆದ ಬಣ್ಣ. ಬೆಳ್ಳಿಯು ವರ್ಷಗಳ ಮೇಲೆ ಮಂಕಾದೀತು, ತಿಕ್ಕಿದರೆ ಮತ್ತೆ ಹೊಳೆದೀತು. ಆದರೆ ಪರದೆಯ ಮೇಲಿನ ಚಿತ್ರಕ್ಕೆ ತೂಕವಿಲ್ಲ, ಉಗುರು ತಾಗಿಸಲು ಮೈಯಿಲ್ಲ. ಅಲ್ಲಿ ಅಸಲೂ ನಕಲೂ ಅಕ್ಕಪಕ್ಕದಲ್ಲಿ ಒಂದೇ ಕಪ್ಪು, ಒಂದೇ ಬಿಳುಪು. ಭೇದವಿರುವುದು ಬೆಲೆಯಲ್ಲಿ ಮಾತ್ರ, ಮತ್ತು ಆ ಭೇದವು ಯಾವಾಗಲೂ ನಕಲಿನ ಪಕ್ಷವನ್ನೇ ವಹಿಸುತ್ತದೆ. ದಿನಗಟ್ಟಲೆ ಬೆನ್ನು ಬಾಗಿಸಿ ತಾರಕಶಿ ಮಾಡಿದವನು ಬೆಳ್ಳಿಯ ಏರಿದ ಬೆಲೆಯನ್ನು ಹೇಳಿದಾಗ, ಕೊಳ್ಳುವವನು ಮೊಬೈಲನ್ನು ಅವನ ಮುಖಕ್ಕೆ ಹಿಡಿದು ‘ಇಲ್ಲಿ ಅರ್ಧಕ್ಕೆ ಸಿಗುತ್ತದಲ್ಲ’ ಎಂದರೆ ಆ ಕುಶಲಿಗನು ಏನೆಂದು ಉತ್ತರ ಕೊಟ್ಟಾನು? ಮಗನಿಗೆ ಈ ಕೆಲಸ ಬೇಡವೆಂದು ತಂದೆಯೇ ನಿಶ್ಚಯಿಸುವುದಕ್ಕೆ ಇಂತಹ ನಾಲ್ಕು ಮಾತುಗಳು ಸಾಕು.

ಸ್ವಿಟ್ಜರ್ಲೆಂಡಿನ ಗಡಿಯಾರದವರ ಕಥೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ವಿಷಯವು ಇನ್ನಷ್ಟು ಸ್ಪಷ್ಟವಾದೀತು. ಇಂದು ಲೋಕದ ನಕಲುಗಾರರೆಲ್ಲರ ಕಣ್ಣು ಬಿದ್ದಿರುವ ಆ ನಾಡು, ಹದಿನೆಂಟನೆಯ ಶತಮಾನದಲ್ಲಿ ತಾನೇ ಲಂಡನ್ನಿನ ಗಡಿಯಾರಗಾರರ ಸುಳ್ಳು ಹೆಸರುಗಳನ್ನು ಕೆತ್ತಿ ಅಗ್ಗದ ಗಡಿಯಾರಗಳನ್ನು ಮಾರಿದ ಅಪಕೀರ್ತಿಯನ್ನು ಹೊತ್ತಿತ್ತು; ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದ ವಾಲ್ಥಮ್ ಗಡಿಯಾರಗಳನ್ನು ಹೋಲುವ ಹೆಸರುಗಳನ್ನು ಒತ್ತಿದವರೂ ಅಲ್ಲಿದ್ದರು. ಅದರಿಂದ ಅವರು ಉದ್ಧಾರವಾಗಲಿಲ್ಲ. 1876ರ ಫಿಲಡೆಲ್ಫಿಯಾ ಪ್ರದರ್ಶನದಲ್ಲಿ ಅಮೆರಿಕದವರ ಯಂತ್ರನಿರ್ಮಾಣದ ಅಚ್ಚುಕಟ್ಟನ್ನು ಕಂಡು ಬೆಚ್ಚಿ ಮರಳಿದ ಅವರ ಪರಿವೀಕ್ಷಕರು, ನಮ್ಮ ಕಾರ್ಖಾನೆಗಳು ಸುಧಾರಿಸದಿದ್ದರೆ ಉಳಿಗಾಲವಿಲ್ಲವೆಂದು ಎಚ್ಚರಿಸಿದರು. ಅಲ್ಲಿಂದ ಮುಂದೆ ಕುಶಲತೆಯನ್ನು ಬೆಳೆಸಿ, ಸ್ವಂತ ಹೆಸರನ್ನು ಕಟ್ಟಿ, ಕೊನೆಗೆ ‘ಸ್ವಿಸ್ ಮೇಡ್’ ಎಂಬ ಮಾತಿಗೇ 1971ರಲ್ಲಿ ಕಾನೂನಿನ ಕಾವಲನ್ನು ಹಾಕಿದರು. 2017ರಿಂದ ಗಡಿಯಾರದ ತಯಾರಿಕಾ ವೆಚ್ಚದ ಶೇಕಡ 60ರಷ್ಟಾದರೂ ಆ ನೆಲದಲ್ಲಿಯೇ ಆಗಿರಬೇಕೆಂದು ನಿಯಮವನ್ನು ಬಿಗಿ ಮಾಡಿದರು. ಜಿನೀವಾಕ್ಕೆ ಆ ಮಾತು ಏನೋ, ಬೀದರಿಗೆ ಭೌಗೋಳಿಕ ಗುರುತೂ ಅದೇ: ಒಂದು ನೆಲದ ಹೆಸರನ್ನು ಆ ನೆಲದ ದುಡಿಮೆಗೆ ಮಾತ್ರ ಮೀಸಲಿಡುವ ಪ್ರಯತ್ನ. ನಮ್ಮ ದೇಶದ ವ್ಯಾಪಾರಚಿಹ್ನೆಗಳ ಕಾಯಿದೆಯೂ ಭೌಗೋಳಿಕ ಗುರುತುಗಳ ಕಾಯಿದೆಯೂ ಒಂದೇ ವರ್ಷ, 1999ರಲ್ಲಿ, ಹುಟ್ಟಿದವು. ಸುಳ್ಳು ಹೆಸರನ್ನು ಅಂಟಿಸುವವನಿಗೆ ಎರಡರಲ್ಲಿಯೂ ಆರು ತಿಂಗಳಿಂದ ಮೂರು ವರ್ಷಗಳವರೆಗೆ ಸೆರೆವಾಸವೂ 50,000 ರೂಪಾಯಿಗಳಿಂದ 2 ಲಕ್ಷದವರೆಗೆ ದಂಡವೂ ವಿಹಿತವಾಗಿವೆ. ಸ್ವಿಸ್ ಗಡಿಯಾರವನ್ನೂ ಬೀದರಿನ ಹೂದಾನಿಯನ್ನೂ ಕಾನೂನು ಒಂದೇ ತಕ್ಕಡಿಯಲ್ಲಿ ತೂಗಿದೆ.

ಹೊರಗಿನ ಹೆಸರೊಂದು, ಒಳಗಿನ ಸರಕೊಂದು ಆಗುವುದೆಲ್ಲವೂ ದೋಷವೇ ಎಂದು ಯಾರಾದರೂ ಕೇಳಿದರೆ, ಭಾಲ್ಕಿಯ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರನ್ನು ನೆನೆಯಬೇಕಾಗುತ್ತದೆ. ಕಮಲನಗರದಲ್ಲಿ ಹುಟ್ಟಿ ಭಾಲ್ಕಿಯ ಪೀಠಕ್ಕೆ ಬಂದ ಆ ಮಹನೀಯರು, ಕನ್ನಡ ಶಾಲೆಯನ್ನು ನಡೆಸುವುದೇ ದುಸ್ತರವಾಗಿದ್ದ ನಿಜಾಮರ ಕಾಲದಲ್ಲಿ, ಹೊರಗೆ ಉರ್ದು ಫಲಕವನ್ನು ತೂಗುಹಾಕಿ ಒಳಗೆ ಮಕ್ಕಳಿಗೆ ಕನ್ನಡವನ್ನು ಕಲಿಸಿದರು. ಆ ಫಲಕವು ಯಾರ ಅನ್ನವನ್ನೂ ಕಸಿಯಲಿಲ್ಲ. ಒಳಗಿದ್ದ ಸತ್ವವನ್ನು ಕಾಯಲು ಹೊರಗೆ ಕಟ್ಟಿದ ಗೋಡೆ ಅದು. ನಕಲಿ ಗಡಿಯಾರದ ಮೇಲಿನ ಕಿರೀಟವಾಗಲಿ, ಅಲ್ಯೂಮಿನಿಯಮ್ಮಿನ ಹೂದಾನಿಯ ಮೇಲಿನ ಬಿದರಿಯ ಚೀಟಿಯಾಗಲಿ, ಒಳಗೆ ಸತ್ವವೇ ಇಲ್ಲದ್ದಕ್ಕೆ ಬೇರೊಬ್ಬನ ದುಡಿಮೆಯ ಹೆಸರನ್ನು ಹೊದಿಸುತ್ತದೆ. ಬಡವನು ಬೆಲೆಬಾಳುವ ವಸ್ತುವನ್ನು ಬಯಸಬಾರದೆಂದು ನಾನು ಹೇಳುವುದಿಲ್ಲ; ಚೆಲುವಾದುದನ್ನು ಧರಿಸುವ ಆಸೆ ಮನುಷ್ಯಸಹಜವಾದದ್ದು, ಗೌರವಾರ್ಹವಾದದ್ದು. ಆದರೆ ಬಿದರಿಯ ನಕಲನ್ನು ಕಂಡು ನೊಂದುಕೊಳ್ಳುವ ನಾವೇ ಇನ್ನೊಂದು ಊರಿನ ಕುಶಲಿಗನ ಹೆಸರನ್ನು ಮಣಿಕಟ್ಟಿಗೆ ಕಟ್ಟಿಕೊಂಡು ಬೀಗುವುದು ನ್ಯಾಯವಲ್ಲ.

ಆದುದರಿಂದ ಬೀದರ್, ಭಾಲ್ಕಿ, ಔರಾದುಗಳ ನನ್ನ ಬಂಧುಗಳಲ್ಲಿ ಒಂದು ಬಿನ್ನಹ. ಅಳಿಯನಿಗೆ ಗಡಿಯಾರ ಕೊಡಬೇಕೆಂದಿದ್ದರೆ, ನಕಲಿಗೆ ಸುರಿಯುವ ಅದೇ ಹಣಕ್ಕೆ ತನ್ನ ಹೆಸರನ್ನೇ ಹೊತ್ತ ಒಳ್ಳೆಯ ದೇಶೀ ಗಡಿಯಾರ ದೊರೆಯುತ್ತದೆ, ಅದನ್ನು ಕೊಡಿರಿ. ಬಿದರಿಯನ್ನು ಕೊಳ್ಳುವುದಾದರೆ ಸಾಧ್ಯವಾದಷ್ಟು ಮಟ್ಟಿಗೆ ಮಾಡುವವನ ಅಂಗಡಿಗೇ ಹೋಗಿ, ಕೈಯಲ್ಲಿ ಹಿಡಿದು ತೂಗಿ, ಬೆಳ್ಳಿಯ ಲೆಕ್ಕವನ್ನು ಕೇಳಿ ಕೊಳ್ಳಿರಿ. ದೂರದಲ್ಲಿದ್ದು ಮೊಬೈಲಿನಲ್ಲಿಯೇ ತರಿಸಬೇಕಾದವರು, ಭೌಗೋಳಿಕ ಗುರುತಿನ ಕಾಯಿದೆಯಂತೆ ನೋಂದಾಯಿತನಾದ ಅಧಿಕೃತ ಬಳಕೆದಾರನ ಹೆಸರೂ ಸಂಖ್ಯೆಯೂ ಯಾವ ಚಿತ್ರದ ಕೆಳಗೆ ಇಲ್ಲವೋ ಆ ಸರಕಿಗೆ ಹಣ ಕಳಿಸಬೇಡಿರಿ. ಆ ಹೆಸರನ್ನೂ ಸಂಖ್ಯೆಯನ್ನೂ ಪ್ರತಿಯೊಂದು ಬಿದರಿ ವಸ್ತುವಿನ ಜೊತೆಗೆ ಕಡ್ಡಾಯವಾಗಿ ತೋರಿಸುವಂತೆ ಮಾರಾಟದ ಜಾಲಗಳಿಗೆ ಸರಕಾರವು ಆಜ್ಞೆ ಮಾಡಬೇಕು. ಬೀದರಿನ ಜನಪ್ರತಿನಿಧಿಗಳು ಇದನ್ನು ಕೇಳಿ ಪಡೆಯಬೇಕು.